ಎಫ್‌ಸಿ ಬರೀ ಕಾಗದ ಆಗದಿರಲಿ: 15 ವರ್ಷದ ಗಾಡಿಯನ್ನು ಪರೀಕ್ಷೆಗೆ ತಯಾರು ಮಾಡುವುದು ಹೇಗೆ

ವೈಟ್ ಬೋರ್ಡ್ ಕಾರಿಗೆ 15 ವರ್ಷ ತುಂಬುತ್ತಾ ಬಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಎಫ್‌ಸಿಗೆ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಎಷ್ಟು ಖರ್ಚಾಗುತ್ತೆ? ಎರಡನೆಯದು, ಯಾರಾದರೂ ಏಜೆಂಟ್ ಗೊತ್ತಾ? ಗಾಡಿಯ ಬ್ರೇಕ್ ಹೇಗಿದೆ, ಟೈರ್ ಯಾವ ವರ್ಷದ್ದು ಅನ್ನುವ ಪ್ರಶ್ನೆ ಮೂರನೆಯದಾಗಿಯೂ ಬರುವುದಿಲ್ಲ. ಪರೀಕ್ಷೆ ಇರುವುದೇ ಅದಕ್ಕೆ, ಆದರೂ.

ಮೊದಲು ಒಂದು ಭಯ ಬಿಡಿಸಿಕೊಳ್ಳೋಣ. 15 ವರ್ಷ ಆದ ತಕ್ಷಣ ಕಾರನ್ನು ಗುಜರಿಗೆ ಹಾಕಬೇಕು ಅನ್ನುವುದು ಸುಳ್ಳು. ಅದು ದೆಹಲಿಯ ಕಥೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಕೋರ್ಟಿನ ಆದೇಶಗಳಿವೆ. ಸರ್ಕಾರಿ ಗಾಡಿಗಳಿಗೂ 15 ವರ್ಷವೇ ಕೊನೆ, 2023ರ ಏಪ್ರಿಲ್‌ನಿಂದ ಅವುಗಳ ನೋಂದಣಿ ನವೀಕರಣ ಆಗುವುದಿಲ್ಲ. ಕರ್ನಾಟಕದಲ್ಲಿರುವ ನಿಮ್ಮ ಸ್ವಂತ ಕಾರಿಗೋ ಬೈಕಿಗೋ ಆ ಕಟ್ಟು ಇಲ್ಲ. ಗಾಡಿ ಗಟ್ಟಿ ಇದ್ದರೆ ಪರೀಕ್ಷೆ ಮಾಡಿಸಿ ಆರ್‌ಸಿಯನ್ನು (ನೋಂದಣಿ ಪತ್ರವನ್ನು) ಐದು ವರ್ಷಕ್ಕೆ ಮುಂದುವರಿಸಬಹುದು. ಐದು ವರ್ಷ ಆದಮೇಲೆ ಮತ್ತೆ ಐದು.

ಎಲ್ಲೋ ಬೋರ್ಡಿನ (ಹಳದಿ ನಂಬರ್ ಪ್ಲೇಟಿನ ಗಾಡಿಗಳ) ಲೆಕ್ಕ ಬೇರೆ. ಆಟೋ, ಟ್ಯಾಕ್ಸಿ, ಲಾರಿ, ಸ್ಕೂಲ್ ಬಸ್ಸು, ಇವಕ್ಕೆಲ್ಲ ಮೊದಲ ದಿನದಿಂದಲೇ ಎಫ್‌ಸಿ ಬೇಕು. ಹೊಸ ಗಾಡಿಗೆ ಎರಡು ವರ್ಷ, ಎಂಟು ವರ್ಷ ತುಂಬುವ ತನಕ ಎರಡೆರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್‌ಸಿ ಮುಗಿದ ಎಲ್ಲೋ ಬೋರ್ಡ್ ಗಾಡಿ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ನೋಂದಣಿಯೇ ಇಲ್ಲದ ಗಾಡಿಗೆ ಸಮ.

ಇನ್ನೊಂದು ಗೊಂದಲವೂ ಇದೆ. ಪೆಟ್ರೋಲ್ ಬಂಕಿನ ಪಕ್ಕ ಪೈಪು ಹಾಕಿ ಕೊಡುತ್ತಾರಲ್ಲ, ಆ ಎಮಿಷನ್ ಚೀಟಿ ಎಫ್‌ಸಿ ಅಲ್ಲ. ಅದು ಹೊಗೆಯನ್ನು ಮಾತ್ರ ನೋಡುತ್ತದೆ. ಬ್ರೇಕೇ ಇಲ್ಲದ ಗಾಡಿಗೂ ಎಮಿಷನ್ ಪಾಸ್ ಆಗುತ್ತದೆ.

ಇದರಿಂದ ಏನಾದರೂ ಉಪಯೋಗ ಇದೆಯಾ?

ಇದನ್ನು ಕೇಳಲೇಬೇಕು. ಯಾಕೆಂದರೆ ಉತ್ತರ ನಾವು ಅಂದುಕೊಂಡಷ್ಟು ಸುಲಭ ಇಲ್ಲ.

ನಾರ್ವೆಯಲ್ಲಿ ಇದನ್ನು ನಿಜಕ್ಕೂ ಪ್ರಯೋಗ ಮಾಡಿಯೇ ನೋಡಿದರು. ಎರಡು ಲಕ್ಷಕ್ಕೂ ಜಾಸ್ತಿ ಕಾರುಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದಕ್ಕೆ ಮೂರು ವರ್ಷ ಪ್ರತಿ ವರ್ಷ ಪರೀಕ್ಷೆ, ಇನ್ನೊಂದಕ್ಕೆ ಆ ಅವಧಿಯಲ್ಲಿ ಒಂದೇ ಸಲ, ಮತ್ತೊಂದಕ್ಕೆ ಇಲ್ಲವೇ ಇಲ್ಲ. ಫಲಿತಾಂಶ 1992ರಲ್ಲಿ ಪ್ರಕಟವಾಯಿತು. ಪರೀಕ್ಷೆ ಆದ ಕಾರುಗಳ ಸ್ಥಿತಿ ಸುಧಾರಿಸಿತ್ತು, ಆದರೆ ಅಪಘಾತಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆ ಮಾಡಿದ ಅಧ್ಯಯನದಲ್ಲೂ, ಅಪಘಾತಕ್ಕೆ ಕೊನೆಯ ಕಾರಣ ಗಾಡಿಯೇ ಅನ್ನಬಹುದಾದ ಪ್ರಕರಣಗಳು ಸುಮಾರು 2 ಶೇಕಡಾ ಮಾತ್ರ. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಓಡಿಸುವವರದ್ದೇ. ನ್ಯೂಜೆರ್ಸಿ 2010ರಲ್ಲಿ ಸ್ವಂತ ಕಾರುಗಳ ಯಾಂತ್ರಿಕ ಪರೀಕ್ಷೆ ಕೈಬಿಟ್ಟಿತು. ಟೆಕ್ಸಾಸ್ 2025ರ ಜನವರಿಯಿಂದ ಬಿಟ್ಟಿತು. (ಅಲ್ಲಿ ಪರೀಕ್ಷೆ ಹೋಯಿತು, ಏಳೂವರೆ ಡಾಲರ್ ಶುಲ್ಕ ಮಾತ್ರ ಉಳಿಯಿತು. ಸರ್ಕಾರಗಳು ಎಲ್ಲ ಕಡೆಯೂ ಒಂದೇ.)

ನಮ್ಮಲ್ಲೂ ಲೆಕ್ಕ ಆ ಕಡೆಗೇ ಬೊಟ್ಟು ಮಾಡುತ್ತದೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನ ಸತ್ತರು. ಹತ್ತರಲ್ಲಿ ಏಳು ಸಾವಿಗೆ ಅತಿವೇಗ ಕಾರಣ ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಅತಿವೇಗವನ್ನು ಯಾವ ಎಫ್‌ಸಿಯೂ ಹಿಡಿಯುವುದಿಲ್ಲ.

ಹಾಗಾದರೆ ಎಫ್‌ಸಿ ದಂಡ ಅಂತ ಹೇಳಿಬಿಡಬಹುದಾ? ನಾನು ಹೇಳುವುದಿಲ್ಲ. ಆ 2 ಶೇಕಡಾ ಅನ್ನುವುದು ಕಣ್ಣಿಗೆ ಕಂಡ ದೋಷಗಳ ಲೆಕ್ಕ, ಅದರಲ್ಲಿ ಹೆಚ್ಚಿನವು ಟೈರ್ ಮತ್ತು ಬ್ರೇಕ್. ಬ್ರೇಕ್ ಸವೆದಿದ್ದರಿಂದ ಗಾಡಿ ನಾಲ್ಕು ಮಾರು ಮುಂದೆ ಹೋಗಿ ಗುದ್ದಿದರೆ, ವರದಿಯಲ್ಲಿ ಬರೆಯುವುದು ಚಾಲಕನ ಅಜಾಗರೂಕತೆ ಅಂತಲೇ. ಮತ್ತೆ ನಾರ್ವೆಯ ಕಾರು ಎಲ್ಲಿ, ಲಿಮಿಟ್‌ಗಿಂತ ಜಾಸ್ತಿ ಜಲ್ಲಿ ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವ ನಮ್ಮ ಹತ್ತು ವರ್ಷದ ಲಾರಿ ಎಲ್ಲಿ. ಭಾರದ ಗಾಡಿಗೆ, ಬಾಡಿಗೆ ಗಾಡಿಗೆ, ಮಕ್ಕಳನ್ನು ಹೊರುವ ಗಾಡಿಗೆ ಪರೀಕ್ಷೆ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಮೂರು ವರ್ಷದ ಸ್ವಂತ ಕಾರಿಗೆ ಪ್ರತಿ ವರ್ಷ ಪರೀಕ್ಷೆ ಬೇಕಾ ಅಂದರೆ, ಬೇಡ. ಆದರೆ 15 ವರ್ಷದ ತನಕ ಯಾರೂ ಗಾಡಿಯ ಕೆಳಗೆ ಬಗ್ಗಿ ನೋಡದೆ ಇರುವುದು, ಆಮೇಲೆ ಒಂದು ದಿನ ಐದು ನಿಮಿಷ ನೋಡಿ ಇನ್ನೈದು ವರ್ಷಕ್ಕೆ ಬಿಟ್ಟುಬಿಡುವುದು, ಇದು ಯಾವ ಲೆಕ್ಕಕ್ಕೂ ಕೂರುವುದಿಲ್ಲ.

ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಎಂಒಟಿ ಅನ್ನುವ ಅಲ್ಲಿನ ಗಾಡಿ ಪರೀಕ್ಷೆ ಗೊತ್ತಿರುತ್ತದೆ. ಮೂರು ವರ್ಷದ ನಂತರ ಪ್ರತಿ ವರ್ಷ. ಅಲ್ಲಿ ನನಗೆ ಇಷ್ಟವಾಗುವುದು ಪಾಸು ಫೇಲು ಅಲ್ಲ, ಆ ಹಾಳೆ. ಪಾಸ್ ಮಾಡಿದರೂ, ಮುಂದಿನ ಎಡ ಟೈರ್ ಮಿತಿಗೆ ಹತ್ತಿರ ಬಂದಿದೆ, ಹಿಂದಿನ ಬ್ರೇಕ್ ಪೈಪಿಗೆ ತುಕ್ಕು ಹಿಡಿಯುತ್ತಿದೆ ಅಂತ ಬರೆದು ಕೊಡುತ್ತಾರೆ. ಯಾವುದೇ ಕಾರಿನ ನಂಬರ್ ಹಾಕಿದರೆ ಹಳೆಯ ಹಾಳೆಗಳೂ ಪುಕ್ಕಟೆ ಸಿಗುತ್ತವೆ. ನಮ್ಮ ಎಫ್‌ಸಿ ಒಂದು ತಾರೀಖು ಕೊಡುತ್ತದೆ, ಅಷ್ಟೇ. ಹಾಗಾಗಿ ಆ ಹಾಳೆಯನ್ನು ನಾವೇ ಬರೆದುಕೊಳ್ಳಬೇಕು. ಎಫ್‌ಸಿ ತಾರೀಖನ್ನು ನೆಪ ಮಾಡಿಕೊಂಡು ಗಾಡಿಯನ್ನು ಒಂದು ಸಲ ತಲೆಯಿಂದ ಕಾಲಿನ ತನಕ ನೋಡಿಬಿಡುವುದು. ಆಗ ಕಟ್ಟಿದ ದುಡ್ಡಿಗೆ ಅರ್ಥ ಬರುತ್ತದೆ.

ಎರಡು ತಿಂಗಳ ಮೊದಲು

ಆರ್‌ಸಿ ಅವಧಿ ಮುಗಿಯುವ 60 ದಿನ ಮೊದಲಿನಿಂದ ನವೀಕರಣಕ್ಕೆ ಅರ್ಜಿ ಹಾಕಬಹುದು. ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ. ಈಗಲೇ ಎಂಪರಿವಾಹನ್ ಆ್ಯಪ್ ತೆಗೆದು ನಿಮ್ಮ ಗಾಡಿ ನಂಬರ್ ಹಾಕಿ, ಅವಧಿ ಯಾವತ್ತಿಗೆ ಮುಗಿಯುತ್ತದೆ ನೋಡಿಕೊಳ್ಳಿ. ಎಷ್ಟೋ ಜನ ಕೊಂಡ ದಿನದಿಂದ ಲೆಕ್ಕ ಹಾಕುತ್ತಾರೆ. ಲೆಕ್ಕ ಶುರುವಾಗುವುದು ನೋಂದಣಿ ಆದ ದಿನದಿಂದ.

ಅರ್ಜಿ ವಾಹನ್ ಪೋರ್ಟಲ್‌ನಲ್ಲಿ ಹಾಕಬೇಕು, ಫಾರಂ 25. ಚಾಸಿ ನಂಬರಿನ ಕೊನೆಯ ಐದು ಅಂಕಿ ಕೇಳುತ್ತದೆ, ಆಮೇಲೆ ಆರ್‌ಸಿಯಲ್ಲಿರುವ ಮೊಬೈಲಿಗೆ ಒಟಿಪಿ. ಮುಕ್ಕಾಲು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 15 ವರ್ಷದ ಹಿಂದೆ ಶೋರೂಮಿನವರು ಯಾವ ನಂಬರ್ ಕೊಟ್ಟಿದ್ದರೋ ಏನೋ. ಮೊದಲು ಮೊಬೈಲ್ ನಂಬರ್ ಸರಿ ಮಾಡಿಸಿ. ಸಾಲ ತೀರಿಸಿಯೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿದ್ದರೆ ಅದನ್ನೂ ತೆಗೆಸಿ. ಮನೆ ಬದಲಾಗಿದ್ದರೆ ವಿಳಾಸ. ಬಾಕಿ ಚಲನ್ ಇದ್ದರೆ ಕಟ್ಟಿ ಮುಗಿಸಿ, ಅದು ಕೊನೆ ಗಳಿಗೆಯಲ್ಲಿ ಅಡ್ಡ ಬರುವುದು ಗ್ಯಾರಂಟಿ.

ಶುಲ್ಕ 2022ರ ಏಪ್ರಿಲ್‌ನಿಂದ ಜಾಸ್ತಿ ಆಗಿದೆ. ಮೊದಲು ಕಾರಿಗೆ 600 ರೂಪಾಯಿ ಇದ್ದದ್ದು 5,000 ಆಯಿತು, ಬೈಕಿಗೆ 300 ಇದ್ದದ್ದು 1,000. ಗಾಡಿಗೆ 20 ವರ್ಷ ದಾಟಿದ್ದರೆ 2025ರ ಆಗಸ್ಟ್‌ನ ಅಧಿಸೂಚನೆ ಪ್ರಕಾರ ಕಾರಿಗೆ 10,000, ಬೈಕಿಗೆ 2,000. ತಡ ಮಾಡಿದರೆ ಕಾರಿಗೆ ತಿಂಗಳಿಗೆ 500, ಬೈಕಿಗೆ 300 ಸೇರುತ್ತಾ ಹೋಗುತ್ತದೆ. ಮೇಲೆ ರಾಜ್ಯದ ಗ್ರೀನ್ ಟ್ಯಾಕ್ಸ್. ಕಟ್ಟುವ ದಿನ ಪೋರ್ಟಲ್ ಏನು ತೋರಿಸುತ್ತದೋ ಅದೇ ಕೊನೆಯ ಲೆಕ್ಕ, ಯಾರೋ ಹೇಳಿದ ಮೊತ್ತ ನಂಬಬೇಡಿ. ಹಳೆ ಬೈಕಿಗೆ ಇದನ್ನೆಲ್ಲ ಕಟ್ಟಿ ರಿಪೇರಿಯನ್ನೂ ಮಾಡಿಸುವುದು ಲಾಭವಾ ಅಂತ ಒಂದು ಸಲ ಕೂತು ಲೆಕ್ಕ ಹಾಕಿ. ಕೆಲವು ಗಾಡಿಗಳನ್ನು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಳ್ಳುವುದೇ ವಾಸಿ.

ಮನೆ ಮುಂದೆ ನೀವೇ ನೋಡುವುದು

ಒಂದು ಭಾನುವಾರ ಬೆಳಗ್ಗೆ ಸಾಕು. ಒಂದು ಬಿಳಿ ಹಾಳೆ, ಪೆನ್ನು, ಟಾರ್ಚು, ಜೊತೆಗೆ ಮನೆಯಿಂದ ಇನ್ನೊಬ್ಬರು.

ಟೈರಿನಿಂದ ಶುರು ಮಾಡಿ. ಕಾರಿನ ಟೈರಿನ ಗೆರೆಗಳ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು ಅಂತ ನಿಯಮ, ಬೈಕಿಗೆ 0.8. ಅಳೆಯಲು ಸ್ಕೇಲು ಬೇಡ. ಗೆರೆಗಳ ಒಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ಉಬ್ಬುಗಳಿರುತ್ತವೆ, ಟೈರ್ ಸವೆದು ಆ ಉಬ್ಬಿಗೆ ಸಮ ಆಗಿದ್ದರೆ ಅದರ ಕಥೆ ಮುಗಿಯಿತು. ಮಳೆಗಾಲದಲ್ಲಿ ಮಲೆನಾಡಿನ ಕಡೆ ಓಡಾಡುವವರು 1.6ರ ತನಕ ಕಾಯಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ನೀರು ಹೊರಗೆ ಹೋಗಲು ಗೆರೆ ಬೇಕು, ಅದಿಲ್ಲದೆ ಟೈರು ನೀರಿನ ಮೇಲೇ ತೇಲುತ್ತದೆ.

ಟೈರಿನ ವಯಸ್ಸೂ ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಅಚ್ಚು ಹಾಕಿರುತ್ತಾರೆ. 2316 ಅಂತಿದ್ದರೆ 2016ನೇ ಇಸವಿಯ 23ನೇ ವಾರ. ಹಳೆಯ ಕಾರುಗಳಲ್ಲಿ ಇದು ದೊಡ್ಡ ಮೋಸ. ತಿಂಗಳಿಗೆ ಎರಡು ಸಲ ದೇವಸ್ಥಾನಕ್ಕೋ ಮದುವೆಗೋ ಹೋಗುವ ಕಾರಿನ ಟೈರು ನೋಡಲು ಹೊಸದರ ಹಾಗೆ ಇರುತ್ತದೆ, ಗೆರೆ ತುಂಬಾ ಇರುತ್ತದೆ, ಆದರೆ ರಬ್ಬರ್ ಒಣಗಿ ಗಟ್ಟಿಯಾಗಿ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಇಂಥದ್ದು ಎಫ್‌ಸಿಯಲ್ಲಿ ಪಾಸ್ ಆಗಬಹುದು, ತುಮಕೂರು ರಸ್ತೆಯಲ್ಲಿ ಬಿಸಿಲಿಗೆ ನೂರರಲ್ಲಿ ಹೋಗುವಾಗ ಒಡೆಯಲೂಬಹುದು. ಸ್ಟೆಪ್ನಿ ಮರೆಯಬೇಡಿ. ಅದು ಹೆಚ್ಚಾಗಿ ಕಾರಿನ ಜೊತೆ ಬಂದದ್ದೇ ಆಗಿರುತ್ತದೆ, ಅಂದರೆ ಅದಕ್ಕೂ 15 ವರ್ಷ.

ಒಂದೇ ಟೈರು ಒಂದು ಅಂಚಿನಲ್ಲಿ ಮಾತ್ರ ಸವೆದಿದ್ದರೆ ಟೈರ್ ಬದಲಾಯಿಸಿ ಸುಮ್ಮನಾಗಬೇಡಿ. ಅಲೈನ್‌ಮೆಂಟ್ ಹೋಗಿರಬಹುದು, ಬುಷ್ ಹೋಗಿರಬಹುದು, ಬಾಲ್ ಜಾಯಿಂಟ್ ಆಡುತ್ತಿರಬಹುದು. ಹಾಳೆಯಲ್ಲಿ ಬರೆದಿಡಿ.

ಈಗ ಬ್ರೇಕ್. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್ ಸರಿ ಇದೆ. ಇಳಿಯಲೇ ಇಲ್ಲ ಅಂದರೆ ತೊಂದರೆ. ಒತ್ತಿ ಹಿಡಿದೇ ಇದ್ದಾಗ ಪೆಡಲ್ ಮೆಲ್ಲಗೆ ಜಾರಿಕೊಂಡು ತಳಕ್ಕೆ ಹೋಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಹೋಗಿದೆ. ಅಂಥ ಗಾಡಿಯನ್ನು ಗ್ಯಾರೇಜಿಗೂ ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಕರೆಸಿ. ತುಳಿದಾಗ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ.

ಬ್ರೇಕ್ ಆಯಿಲ್ ಬಗ್ಗೆ ಎರಡು ಮಾತು ಜಾಸ್ತಿಯೇ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಬದಲಾಯಿಸುವುದಿಲ್ಲ. ಎಂಜಿನ್ ಆಯಿಲ್ ಎಲ್ಲರೂ ಬದಲಾಯಿಸುತ್ತಾರೆ. ಬ್ರೇಕ್ ಆಯಿಲ್ ಕಡಿಮೆಯಾದರೆ ತುಂಬಿಸುತ್ತಾರೆ, ಅಷ್ಟೇ. ಅದು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತಾ ಹೋಗುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಊರೊಳಗೆ ಓಡಾಡುವಾಗ ಗೊತ್ತೇ ಆಗುವುದಿಲ್ಲ. ಆಗುಂಬೆಯೋ ಚಾರ್ಮಾಡಿಯೋ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಬಿಸಿಯಾಗಿ, ಆಯಿಲ್ ಕುದಿದು ಆವಿಯಾದರೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ ಅನ್ನುವುದು ಸಾಮಾನ್ಯ ಸಲಹೆ. ಎಫ್‌ಸಿ ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿ.

ಹ್ಯಾಂಡ್‌ಬ್ರೇಕನ್ನು ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ. ಒಬ್ಬರು ಹಿಂದೆ ನಿಂತು ಬ್ರೇಕ್ ಲೈಟು, ಇಂಡಿಕೇಟರ್, ರಿವರ್ಸ್ ಲೈಟು, ನಂಬರ್ ಪ್ಲೇಟಿನ ಮೇಲಿನ ಸಣ್ಣ ದೀಪ ಎಲ್ಲ ಉರಿಯುತ್ತವಾ ಹೇಳಲಿ. ಆ ಸಣ್ಣ ದೀಪ ಸತ್ತು ಎಷ್ಟೋ ವರ್ಷವಾಗಿರುತ್ತದೆ, ಹತ್ತಿಪ್ಪತ್ತು ರೂಪಾಯಿ ಬಲ್ಬಿಗೆ ವಾಪಸ್ ಕಳಿಸಿಬಿಡುತ್ತಾರೆ. ಹೆಡ್‌ಲೈಟಿನ ಗಾಜು ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ. ಅದರ ಬದಲು ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಬಲ್ಬ್ ಹಾಕಿಸಿಕೊಂಡಿದ್ದರೆ ತೆಗೆಸಿಬಿಡಿ. ಎದುರಿನವನಿಗೆ ಕಣ್ಣು ಕಾಣದ ಹಾಗೆ ಮಾಡಿ ನಮಗೆ ದಾರಿ ಕಂಡು ಏನು ಪ್ರಯೋಜನ? ರಾತ್ರಿ ಗೋಡೆಯ ಮುಂದೆ ನಿಲ್ಲಿಸಿ ಡಿಮ್ ಹಾಕಿ, ಎರಡೂ ಬೆಳಕು ಒಂದೇ ಎತ್ತರಕ್ಕೆ, ದೀಪದ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಬೀಳಬೇಕು.

ಸೀಟ್ ಬೆಲ್ಟನ್ನು ಜೋರಾಗಿ ಒಂದೇ ಸಲ ಎಳೆಯಿರಿ, ಹಿಡಿದುಕೊಳ್ಳಬೇಕು. ಹಿಂದಿನ ಸೀಟಿನವೂ ಸೇರಿ. ಸೀಟ್ ಕವರಿನ ಕೆಳಗೆ ಹೂತುಹೋದ ಬಕಲ್‌ಗಳನ್ನು ಹೊರಗೆ ತೆಗೆಯಿರಿ.

ಸ್ಟೇರಿಂಗ್ ಸ್ವಲ್ಪ ಸ್ವಲ್ಪ ಎಡಕ್ಕೂ ಬಲಕ್ಕೂ ತಿರುಗಿಸಿ, ಹೊರಗಿರುವವರು ಚಕ್ರ ನೋಡಲಿ. ಸ್ಟೇರಿಂಗ್ ತಿರುಗುತ್ತಾ ಹೋದರೂ ಚಕ್ರ ಅಲುಗದಿದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ಬಾಕ್ಸಿನಲ್ಲಿ ಸಡಿಲ ಇದೆ. ಗಾಡಿಯ ಒಂದೊಂದು ಮೂಲೆಯನ್ನೂ ಒತ್ತಿ ಬಿಡಿ, ಒಂದು ಸಲ ಎದ್ದು ನಿಲ್ಲಬೇಕು. ಎರಡು ಮೂರು ಸಲ ಜೋಕಾಲಿಯ ಹಾಗೆ ಆಡಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ.

ಬೈಕಿನವರಿಗೆ: ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಚೈನ್ ಸ್ಪ್ರಾಕೆಟ್, ಎರಡೂ ಬ್ರೇಕು, ಟೈರು, ಬ್ರೇಕ್ ಲೈಟು. ಸೈಲೆನ್ಸರ್ ಬದಲಾಯಿಸಿದ್ದರೆ ಹಳೆಯದನ್ನು ಹುಡುಕಿಟ್ಟುಕೊಳ್ಳಿ.

ಗ್ಯಾರೇಜಿನಲ್ಲಿ

ಹಾಳೆ ತೆಗೆದುಕೊಂಡು ಹೋಗಿ. ಎಫ್‌ಸಿಗೆ ರೆಡಿ ಮಾಡಿಕೊಡಿ ಅಂತ ಮಾತ್ರ ಹೇಳಬೇಡಿ. ಹಾಗೆ ಹೇಳಿದರೆ ನಮ್ಮಲ್ಲಿ ಅರ್ಥವಾಗುವುದು ಟಿಂಕರಿಂಗ್, ಪೇಂಟಿಂಗ್, ಪಾಲಿಶ್. ಗಾಡಿ ಮಿರಮಿರ ಮಿಂಚುತ್ತದೆ, ಬ್ರೇಕ್ ಲೈನರ್ ಹಳೆಯದೇ. ಎಲ್ಲೋ ಬೋರ್ಡಿನಲ್ಲಂತೂ ಎಫ್‌ಸಿಗೆಂದೇ ಬೇರೆ ಗಾಡಿಯ ಟೈರ್ ಹಾಕಿಕೊಂಡು ಹೋಗಿ, ಬಂದಮೇಲೆ ಬಿಚ್ಚಿ ವಾಪಸ್ ಕೊಡುವವರಿದ್ದಾರೆ. ಮೋಸ ಹೋಗುವುದು ಆರ್‌ಟಿಒ ಅಲ್ಲ, ಆ ಗಾಡಿಯಲ್ಲಿ ಕೂರುವವರು.

ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ, ನೀವೂ ಕೆಳಗೆ ನಿಂತು ನೋಡಿ. ಚಕ್ರ ಬಿಚ್ಚಿಸಿ ಪ್ಯಾಡ್ ಎಷ್ಟು ಉಳಿದಿದೆ ತೋರಿಸಿ ಅನ್ನಿ. ಮೂರು ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಬದಲಾಯಿಸಿಬಿಡಿ. ಹಿಂದಿನ ಡ್ರಮ್ ಬಿಚ್ಚಲು ಹಲವರು ಸೋಮಾರಿತನ ಮಾಡುತ್ತಾರೆ, ಬಿಚ್ಚಲೇಬೇಕು. ಬ್ರೇಕಿನ ಕಬ್ಬಿಣದ ಪೈಪು, ರಬ್ಬರ್ ಹೋಸು, ಆಯಿಲ್ ಸೋರಿದ ಗುರುತು ನೋಡಿ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಗಾಡಿಯಾದರೆ ತುಕ್ಕೇ ದೊಡ್ಡ ವಿಷಯ. ಮೇಲೆ ಪೇಂಟ್ ಚೆನ್ನಾಗಿದ್ದು ಕೆಳಗೆ ಜ್ಯಾಕ್ ಇಡುವ ಜಾಗವೇ ಪುಡಿಯಾಗಿರುವುದುಂಟು. ಸ್ಕ್ರೂ ಡ್ರೈವರ್‌ನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಸಿಎನ್‌ಜಿ ಇದ್ದರೆ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ಒತ್ತಡ ತಡೆಯುತ್ತದಾ ಅನ್ನುವ ಪರೀಕ್ಷೆ) ಆಗಿರಬೇಕು, ಗ್ಯಾಸ್ ಕಿಟ್ ಆರ್‌ಸಿಯಲ್ಲಿ ಏರಿರಬೇಕು.

ಬಿಲ್ ದೊಡ್ಡದಾಗುತ್ತಿದ್ದರೆ ಯಾವುದು ಮೊದಲು ಅನ್ನುವುದಕ್ಕೆ ನನ್ನ ಲೆಕ್ಕ ಸರಳ: ನಿಲ್ಲಿಸುವುದು, ತಿರುಗಿಸುವುದು, ಕಾಣಿಸುವುದು. ಬ್ರೇಕು, ಟೈರು, ಸ್ಟೇರಿಂಗ್, ದೀಪ, ವೈಪರ್. ಡೆಂಟ್ ತೆಗೆಸುವುದು, ಪೇಂಟು ಎಲ್ಲ ಆಮೇಲೆ, ದುಡ್ಡು ಉಳಿದರೆ.

ಪರೀಕ್ಷೆಯ ದಿನ

ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಚೀಟಿ, ತೆರಿಗೆ ಕಟ್ಟಿದ ದಾಖಲೆ, ಫಾರಂ 25ರ ಪ್ರಿಂಟ್, ವಿಳಾಸದ ದಾಖಲೆ, ಪ್ಯಾನ್ ಕಾರ್ಡ್. ಜೊತೆಗೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುವುದು ಅಷ್ಟೇ, ಆದರೆ ಹಳೆ ಗಾಡಿಯಲ್ಲಿ ಆ ಜಾಗವನ್ನು ಹುಡುಕುವುದೇ ಅರ್ಧ ಕೆಲಸ. ಹಿಂದಿನ ದಿನವೇ ಗ್ರೀಸು, ಮಣ್ಣು ಎಲ್ಲ ಒರೆಸಿ ಅಂಕಿಗಳು ಓದುವ ಹಾಗೆ ಮಾಡಿಟ್ಟುಕೊಳ್ಳಿ. ಎಂಜಿನ್ ಬದಲಾಯಿಸಿದ್ದರೆ, ಬಣ್ಣ ಬದಲಾಯಿಸಿದ್ದರೆ ಅದು ಆರ್‌ಸಿಗೆ ಏರಿರಬೇಕು. ಇಲ್ಲದಿದ್ದರೆ ಅವತ್ತು ಸುಮ್ನೆ ಹೋಗಿ ಬಂದ ಹಾಗೆ.

2019ರ ಏಪ್ರಿಲ್‌ಗೆ ಮೊದಲಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬೇಕು. ಮುಂದೆ ಕಟ್ಟಿಸಿದ ಬುಲ್ ಗಾರ್ಡ್ ಬಿಚ್ಚಿಸಿ. ಗಾಜಿನ ಮೂಲಕ ಮುಂದೆ ಹಿಂದೆ 70 ಶೇಕಡಾ, ಪಕ್ಕದಲ್ಲಿ 50 ಶೇಕಡಾ ಬೆಳಕು ಹಾಯಬೇಕು ಅಂತ ನಿಯಮ. ಕಪ್ಪು ಫಿಲ್ಮ್ ಇದ್ದರೆ ತೆಗೆಸುವುದೇ ಒಳ್ಳೆಯದು.

ಏಜೆಂಟ್ ಬೇಕಾ? ಬೇಡ. ಆದರೂ ರಜೆ ಸಿಗದವರಿಗೆ ಕಾಗದದ ಓಡಾಟಕ್ಕೆ ಒಬ್ಬರು ಬೇಕೆನಿಸಿದರೆ ಅದು ನಿಮ್ಮ ಇಷ್ಟ. ಗಾಡಿಯ ಜೊತೆ ಮಾತ್ರ ನೀವೇ ಹೋಗಿ. ಗಾಡಿ ತರುವುದೇ ಬೇಡ ಸಾರ್, ನಾನು ನೋಡಿಕೊಳ್ಳುತ್ತೇನೆ ಅನ್ನುವವರಿಂದ ದೂರ ಇರಿ. ಆ ದುಡ್ಡಿಗೆ ನಾಲ್ಕು ಚಕ್ರಕ್ಕೂ ಪ್ಯಾಡು ಲೈನರ್ ಬರುತ್ತದೆ.

ಬ್ರೇಕ್ ಇನ್ಸ್‌ಪೆಕ್ಟರ್ ಕಣ್ಣಳತೆಯಲ್ಲಿ ನೋಡುವ ಕಡೆ ಹತ್ತು ನಿಮಿಷದ ಕೆಲಸ: ನಂಬರ್ ತಾಳೆ ನೋಡುತ್ತಾರೆ, ದೀಪ, ಹಾರನ್, ವೈಪರ್, ಟೈರು, ಒಂದು ಸುತ್ತು ಓಡಿಸಿ ಬ್ರೇಕು. ಎಟಿಎಸ್ ಅನ್ನುವ ಯಂತ್ರದ ಕೇಂದ್ರಗಳಲ್ಲಿ ಹಾಗಲ್ಲ. ಗಾಡಿಯ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕಿನ ಬಲ ಅಳೆಯುತ್ತಾರೆ, ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಅಂಕಿಯಲ್ಲಿ ಬರುತ್ತದೆ. ಅಲೈನ್‌ಮೆಂಟ್, ಹೆಡ್‌ಲೈಟಿನ ದಿಕ್ಕು, ಸಸ್ಪೆನ್ಷನ್, ಹೊಗೆ ಎಲ್ಲವೂ ಯಂತ್ರವೇ ಹೇಳುತ್ತದೆ. ನೆಲಮಂಗಲದಲ್ಲಿ ಇಂಥದೊಂದು ಕೇಂದ್ರ ಇದೆ. ಬ್ರೇಕ್ ಸರಿ ಇದೆ ಅನ್ನುವುದಕ್ಕೂ, ಎಡಗಡೆ ಬ್ರೇಕು ಬಲಗಡೆಗಿಂತ ಇಷ್ಟು ಕಡಿಮೆ ಹಿಡಿಯುತ್ತಿದೆ ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ, ಅಲ್ವಾ? ಯಂತ್ರದ ಪರೀಕ್ಷೆಗೆ ಹೋಗುವ ಅವಕಾಶ ಇದ್ದರೆ ಅದನ್ನೇ ಆರಿಸಿ, ರಿಪೋರ್ಟ್ ಕೇಳಿ ತೆಗೆದುಕೊಳ್ಳಿ.

ಫೇಲ್ ಆದರೆ ಜಗಳಕ್ಕೆ ನಿಲ್ಲಬೇಡಿ. ಏನು ಸರಿ ಇಲ್ಲ ಅನ್ನುವುದನ್ನು ಬರೆಸಿಕೊಳ್ಳಿ, ರಿಪೇರಿ ಮಾಡಿಸಿ ಮರುಪರೀಕ್ಷೆಗೆ ಹೋಗಿ. ಬಾಯಲ್ಲಿ ಹೇಳಿದ್ದು ಮುಂದಿನ ಸಲಕ್ಕೆ ಬದಲಾಗುತ್ತದೆ, ಬರೆದದ್ದು ಬದಲಾಗುವುದಿಲ್ಲ.

ಪಾಸ್ ಆದಮೇಲೆ

ಮುಂದಿನ ಐದು ವರ್ಷ ಯಾರೂ ನಿಮ್ಮನ್ನು ಕರೆಯುವುದಿಲ್ಲ. 15 ವರ್ಷ ದಾಟಿದ ಗಾಡಿಗೆ ಐದು ವರ್ಷ ತುಂಬಾ ಜಾಸ್ತಿ. ಮಳೆಗಾಲ ಶುರುವಾಗುವ ಮೊದಲು, ಮೇ ತಿಂಗಳಲ್ಲಿ, ಮೇಲಿನ ಭಾನುವಾರದ ಕೆಲಸವನ್ನು ಪ್ರತಿ ವರ್ಷ ಮಾಡಿ. ಹಳೆಯ ಹಾಳೆಗಳನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟಿರಿ. ನಾಳೆ ಗಾಡಿ ಮಾರುವಾಗ ಹೊಸ ಪೇಂಟಿಗಿಂತ ಆ ಹಾಳೆಗಳಿಗೇ ಒಳ್ಳೆಯ ಬೆಲೆ ಸಿಕ್ಕರೂ ಸಿಗಬಹುದು. ಎಮಿಷನ್ ಚೀಟಿಯ ತಾರೀಖು ಬೇರೆ, ಅದನ್ನು ಪ್ರತ್ಯೇಕವಾಗಿ ನೆನಪಿಡಿ: ಹಳೆಯ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ, ಬಿಎಸ್ 4 ಮತ್ತು ಬಿಎಸ್ 6 ಹೊಗೆ ಮಾನದಂಡದ ಗಾಡಿಗಳಿಗೆ ವರ್ಷಕ್ಕೊಮ್ಮೆ. ಆರ್‌ಸಿ ಅವಧಿ ಮುಗಿದ ಗಾಡಿಗೆ ಅಪಘಾತವಾದರೆ ಇನ್ಶೂರೆನ್ಸಿನವರು ತಕರಾರು ತೆಗೆಯಲು ಅದೊಂದೇ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು 13, 14 ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವ ಮೊದಲು ನವೀಕರಣದ ಶುಲ್ಕ, ಗ್ರೀನ್ ಟ್ಯಾಕ್ಸ್, ನಾಲ್ಕು ಟೈರು, ಬ್ರೇಕ್ ಕೆಲಸ ಇಷ್ಟನ್ನೂ ಬೆಲೆಗೆ ಸೇರಿಸಿ ನೋಡಿ. ಮಾರುವವರು ಆ ತಾರೀಖಿಗೆ ಸ್ವಲ್ಪ ಮೊದಲು ಮಾರುವುದು ಸುಮ್ಮನೆ ಅಲ್ಲ.

ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವವರಿಗೆ ಇನ್ನೊಂದು ಕೆಲಸ ಇದೆ, ಎರಡು ನಿಮಿಷದ್ದು. ವ್ಯಾನಿನ ನಂಬರನ್ನು ಎಂಪರಿವಾಹನ್‌ನಲ್ಲಿ ಹಾಕಿ. ಫಿಟ್‌ನೆಸ್ ಯಾವತ್ತಿನ ತನಕ ಇದೆ, ಇನ್ಶೂರೆನ್ಸ್ ಇದೆಯಾ ಎರಡೂ ಕಾಣುತ್ತದೆ. ವೈಟ್ ಬೋರ್ಡ್ ಓಮ್ನಿಯಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದರೆ ಅದಕ್ಕೆ ಎಫ್‌ಸಿಯ ಗೊಡವೆಯೇ ಇರುವುದಿಲ್ಲ, 15 ವರ್ಷದ ತನಕ ಯಾರೂ ಅದರ ಬ್ರೇಕ್ ಮುಟ್ಟಿ ನೋಡಿರುವುದಿಲ್ಲ. ತಾರೀಖು ಮುಗಿದಿದ್ದರೆ ಡ್ರೈವರಣ್ಣನನ್ನು ಬೈದು ಏನೂ ಆಗುವುದಿಲ್ಲ. ಅದರ ಸ್ಕ್ರೀನ್‌ಶಾಟ್ ತೆಗೆದು ಪೋಷಕರ ಗುಂಪಿಗೂ ಶಾಲೆಯ ಆಫೀಸಿಗೂ ಒಟ್ಟಿಗೇ ಕಳಿಸಿ, ನವೀಕರಣ ಆಗುವ ತನಕ ಬೇರೆ ಗಾಡಿ ಯಾವುದು ಅಂತ ಕೇಳಿ.